ಮೂರು ಜನರ ದೋಣಿ

ದೋಣಿ ದೊಡ್ಡದು ಮಾಡಿದ್ದಾರೆ ಎಂದು ಪಕ್ಕದ ಮನೆಯ ಜಯಶೀಲ ಬಂದು ಹೇಳಿದಾಗ ನನ್ನ ಕೈಯಲ್ಲಿ ಯಾರದೋ ಮಿಕ್ಸಿಯ ಜಾರ್ ಇತ್ತು. ಅದನ್ನು ಕುಕ್ಕಿದ ರಭಸಕ್ಕೆ ಹಿಡಿ ಮುರಿದು ಬಂತು. ಆಮೇಲೆ ನಾನೇ ಹೊಸ ಹಿಡಿ ಹಾಕಿಕೊಟ್ಟೆ ಅನ್ನಿ, ಮಿಕ್ಸಿ ರಿಪೇರಿ ಈ ಸಾಕಮ್ಮನ ಕಸುಬು. ಆದರೆ ಮೈಯುರಿ ಮಾತ್ರ ಇವತ್ತಿಗೂ ಆರಿಲ್ಲ. ಮೂರು ಜನ ಕೂರುವ ದೋಣಿಯನ್ನು ನಾಲ್ಕು ಜನರ ದೋಣಿ ಮಾಡಿದ್ದಾರಂತೆ. ಕೂರುವುದಕ್ಕೆ ಕೆಂಪು ದಿಂಬು ಬೇರೆ ಹಾಕಿದ್ದಾರಂತೆ. ಹಾಗಾದರೆ ನಾನು ಇಪ್ಪತ್ತೊಂಬತ್ತು ವರ್ಷ ಆ ಹೊಳೆಯ ದಂಡೆಯಲ್ಲಿ ಕಾದು ನಿಂತಿದ್ದೆನಲ್ಲ, ಅದಕ್ಕೆ ಯಾರು ಜವಾಬು ಕೊಡುತ್ತಾರೆ?

ನಮ್ಮೂರಿನ ಸಮಾಚಾರ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಮನೆ ಕಟ್ಟುವಾಗ ಬೀದಿಯ ಕಡೆ ಬಾಗಿಲು ಇಡುವುದಿಲ್ಲ. ಇಟ್ಟರೂ ನಿಲ್ಲುವುದಿಲ್ಲ, ಬೆಳಗಾಗುವುದರೊಳಗೆ ಅದು ಗೋಡೆಯಾಗಿರುತ್ತದೆ. ಮನೆಯಲ್ಲಿ ಯಾರಾದರೊಬ್ಬರು ಆಟ ಮುಗಿಸಬೇಕು. ಮುಗಿಸಿದ ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಗೋಡೆಯಲ್ಲಿ ಬಾಗಿಲು ಬಂದಿರುತ್ತದೆ. ಅಲ್ಲಿಯವರೆಗೆ ಎಲ್ಲ ಓಡಾಟವೂ ಹಿತ್ತಿಲಿನಿಂದ, ಅಡುಗೆಮನೆಯ ಮೂಲಕ. ಮದುವಣಗಿತ್ತಿ ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ ಸೇರಕ್ಕಿ ಒದ್ದು ಒಳಗೆ ಬರುತ್ತಾಳೆ. ಬೀರು ಮಂಚಗಳನ್ನು ಹಿತ್ತಿಲ ಗೋಡೆಯ ಮೇಲಿಂದ ಹಗ್ಗ ಕಟ್ಟಿ ಇಳಿಸುತ್ತಾರೆ. ನಮ್ಮ ಅಂಚೆಯವನಿಗೆ ಯಾರ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಮನೆಯ ಯಜಮಾನನಿಗಿಂತ ಮೊದಲೇ ಗೊತ್ತಿರುತ್ತದೆ. ನಮಗೆ ಇದೆಲ್ಲ ರೂಢಿಯಾಗಿಹೋಗಿದೆ.

ಆಟ ಎಂದರೆ ಚೌಕಾಬಾರ, ಪಗಡೆ ಅಲ್ಲ. ಟಿವಿಗೆ ಹಾಕಿ ಆಡುವ ವಿಡಿಯೋ ಗೇಮು. ಒಂದು ಕರಿ ಡಬ್ಬಿ, ಅದರ ನೆತ್ತಿಗೆ ಸಿಕ್ಕಿಸುವ ಬೂದು ಬಣ್ಣದ ಕ್ಯಾಸೆಟ್ಟು, ಕೈಯಲ್ಲಿ ಹಿಡಿಯಲು ಎರಡು ಗುಂಡಿಯ ರಿಮೋಟು. ನಾಲ್ಕು ಜನ ದಾರಿಹೋಕರ ಪಾತ್ರವನ್ನು ನಾವೇ ವಹಿಸಿಕೊಂಡು, ಊರೂರು ಅಲೆದು, ಸಿಕ್ಕವರನ್ನು ಮಾತಾಡಿಸಿ, ಅಡ್ಡ ಬಂದ ರಾಕ್ಷಸರನ್ನು ಬಡಿದು, ಹೊಳೆ ದಾಟಿ, ಕೋಟೆಯ ದೊರೆಯನ್ನು ಸೋಲಿಸಬೇಕು. ಮರ ಎಂದರೆ ಒಂದು ಹಸಿರು ಚೌಕ, ಮನುಷ್ಯ ಎಂದರೆ ಹೆಬ್ಬೆರಳಿನಷ್ಟು ಗೊಂಬೆ. ಯಾರ ದನಿಯೂ ಕೇಳಿಸುವುದಿಲ್ಲ, ಆಡಿದ ಮಾತು ಕೆಳಗೆ ಅಕ್ಷರದಲ್ಲಿ ಬರುತ್ತದೆ. ಈ ಆಟ ಬರುವುದಕ್ಕೆ ಮೊದಲು ಊರಿನಲ್ಲಿ ಬಾಗಿಲುಗಳು ಹೇಗೆ ಬರುತ್ತಿದ್ದವು ಎಂದು ಕೇಳಿದರೆ ಹಿರಿಯರು ಮಾತು ಬದಲಿಸುತ್ತಾರೆ.

ಇನ್ನೊಂದು ಕಟ್ಟಳೆಯಿದೆ. ಆಟ ಮುಗಿಸಿದವರು ಅದನ್ನು ಹೇಗೆ ಮುಗಿಸಿದೆವು ಎಂದು ಮುಗಿಸದವರಿಗೆ ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ಮಾರನೆಯ ದಿನ ಬಾಗಿಲು ಹೋಗಿ ಗೋಡೆ ಬರುತ್ತದೆ. ಬಸ್ ಏಜೆಂಟ್ ಮರಿಬಸಪ್ಪ ಯಾರದೋ ಮದುವೆಯಲ್ಲಿ ಎಲೆ ಮುಂದೆ ಕೂತು, ಕೋಟೆಯ ಬೀಗದ ಕೈ ಎಲ್ಲಿ ಸಿಕ್ಕಿತು ಎಂದು ಜಂಬ ಕೊಚ್ಚಿಕೊಂಡ. ಬೆಳಿಗ್ಗೆ ನೋಡಿದರೆ ಗೋಡೆ, ಸ್ಕೂಟರು ಒಳಗೆ. ಅದನ್ನು ಬಿಚ್ಚಿ ಬಿಡಿಬಿಡಿಯಾಗಿ ಅಡುಗೆಮನೆಯಿಂದ ಸಾಗಿಸಿ ಹಿತ್ತಿಲಲ್ಲಿ ಮತ್ತೆ ಜೋಡಿಸಿಕೊಟ್ಟವಳು ನಾನೇ. ಅಂದಿನಿಂದ ಊರಿನ ಬಾಯಿಗೆ ಬೀಗ ಬಿತ್ತು.

ನಮ್ಮಪ್ಪ ಕ್ಯಾಸೆಟ್ಟು ತಂದ ವರ್ಷವೇ, ಇನ್ನೇನು ಬಾಗಿಲು ಬಂದೇ ಬಿಟ್ಟಿತು ಎಂಬ ಉಮೇದಿನಲ್ಲಿ ಮುಂದಿನ ಗೋಡೆಗೆ ಒಂದು ಜಗಲಿ ಕಟ್ಟಿಸಿದ. ಕೆಂಪು ಗಾರೆಯ, ಚೆಂದದ ಜಗಲಿ. ಬಾಗಿಲಿಲ್ಲದ ಜಗಲಿಯ ಮೇಲೆ ಮನೆಯವರು ಕೂರಬಾರದು ಎಂದು ನಮ್ಮಲ್ಲಿ ವಾಡಿಕೆ. ಹಾಗಾಗಿ ಅದರ ಮೇಲೆ ಬೀದಿನಾಯಿ ಮಲಗಿತು, ಸೊಪ್ಪಿನವಳು ಬುಟ್ಟಿ ಇಳಿಸಿದಳು, ನಮ್ಮವ್ವ ಪುಟ್ಟತಾಯಮ್ಮ ಮಾತ್ರ ಒಂದು ದಿನವೂ ಕೂರಲಿಲ್ಲ. ಅವಳು ಒಳಗಿನಿಂದ ಗೋಡೆಗೆ ಕಿವಿ ಕೊಟ್ಟು ಬೀದಿ ಕೇಳುತ್ತಿದ್ದಳು. ಈಗ ಹೂವಿನವಳು ಹೋದಳು, ಈಗ ಜಯಶೀಲಳ ಮಾವ ಕೆಮ್ಮಿದ, ಇದು ಯಾವುದೋ ಹೊಸ ಸೈಕಲ್ಲು ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ಆಟ ಮುಗಿದ ದಿನ ಆ ಜಗಲಿಯ ಮೇಲೆ ಕೂತು ಬೀದಿ ನೋಡಬೇಕು ಎಂಬುದೊಂದೇ ಅವಳ ಆಸೆ. ಅಪ್ಪ ಮೂರು ವರ್ಷ ಆಡಿ ಹೊಳೆಯ ದಂಡೆಯವರೆಗೆ ತಲುಪಿಸಿ ತೀರಿಕೊಂಡ. ನನ್ನ ಮದುವೆಯ ಕಥೆ ಎರಡೇ ವರ್ಷದ್ದು, ಅದನ್ನು ಬಿಡಿ. ನಾನು ತವರಿಗೆ ಬಂದು ರಿಮೋಟು ಹಿಡಿದೆ.

ಹೊಳೆಯ ದಂಡೆಯಲ್ಲಿ ಏನಾಗುತ್ತದೆಂದರೆ, ನಮ್ಮ ಜೊತೆಗಿರುವ ನಾಲ್ವರಲ್ಲಿ ಒಬ್ಬ ಕತ್ತಿಯವನು, ಒಬ್ಬಳು ಮದ್ದಿನವಳು, ಒಬ್ಬ ದಾರಿ ಬಲ್ಲವನು, ಇನ್ನೊಬ್ಬಳು ಅಜ್ಜಿ. ಅಜ್ಜಿ ಮೂರನೆಯ ಊರಿನಲ್ಲಿ ತಾನಾಗಿ ಬಂದು ಸೇರಿಕೊಳ್ಳುತ್ತಾಳೆ. ಕೈಯಲ್ಲೊಂದು ಕೆಂಡದ ಮಡಕೆ. ಹೊಡೆದಾಟಕ್ಕೆ ಬಾರಳು, ಗಾಯಕ್ಕೆ ಮದ್ದು ಹಾಕಳು, ನಿಧಾನಕ್ಕೆ ನಡೆಯುತ್ತಾಳೆ, ಬುತ್ತಿ ಮಾತ್ರ ಇಬ್ಬರದು ಉಣ್ಣುತ್ತಾಳೆ. ಆ ಕೆಂಡ ಯಾತಕ್ಕೆ ಎಂದು ಅಪ್ಪನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೊಳೆಗೆ ಬಂದರೆ ಅಲ್ಲೊಂದು ದೋಣಿ. ದೋಣಿಯವನು, ಮೂರೇ ಜನ, ಅಜ್ಜಿಯನ್ನು ಬಿಡುತ್ತೀರಾ ಎಂದು ಕೇಳುತ್ತಾನೆ. ಹೌದು, ಇಲ್ಲ ಎಂದು ಎರಡು ಉತ್ತರ. ಬೇರೆಯವರನ್ನು ಬಿಡೋಣವೆಂದರೆ ಆಟ ಒಪ್ಪುವುದಿಲ್ಲ. ಹೌದು ಎಂದು ಒತ್ತಿದ ಮೇಲೆ ಹಿಂದಕ್ಕೆ ಬರುವಂತಿಲ್ಲ, ಆಟ ತಾನಾಗಿಯೇ ಅದನ್ನು ಬರೆದುಕೊಂಡುಬಿಡುತ್ತದೆ.

ಅಪ್ಪ ಇಲ್ಲ ಎಂದ. ನಾನೂ ಇಲ್ಲ ಎಂದೆ. ಊರು ಕೇರಿ ಸುತ್ತಿ ನಮ್ಮ ಜೊತೆ ಇಷ್ಟು ದೂರ ನಡೆದು ಬಂದ ಮುದುಕಿಯನ್ನು ನಡುದಾರಿಯಲ್ಲಿ ಇಳಿಸಿ ಹೋಗುವುದೇ? ಅದಕ್ಕಿಂತ ಬಾಗಿಲಿಲ್ಲದೆ ಇರುವುದು ವಾಸಿ. ಬೇರೆ ದಾರಿ ಇರಲೇಬೇಕು ಎಂದು ಇಪ್ಪತ್ತೊಂಬತ್ತು ವರ್ಷ ಹುಡುಕಿದೆ. ದಂಡೆಯ ಒಂದೊಂದು ಮರಕ್ಕೂ ಹೋಗಿ ಡಿಕ್ಕಿ ಹೊಡೆದು ಗುಂಡಿ ಒತ್ತಿದೆ. ಸೇತುವೆ ಇದೆಯೇ, ಆಳವಿಲ್ಲದ ಕಡೆ ಇದೆಯೇ ಎಂದು ಹೊಳೆಯುದ್ದಕ್ಕೂ ನಡೆದೆ. ರಿಮೋಟಿನ ಸ್ಪ್ರಿಂಗು ಆರು ಸಲ ಹಾಕಿದೆ, ಕ್ಯಾಸೆಟ್ಟಿನೊಳಗಿನ ಸೆಲ್ಲು ಸಾಯುತ್ತ ಬಂದಾಗ ಅಲ್ಲಿಯವರೆಗಿನ ಆಟ ಅಳಿಸಿಹೋಗದ ಹಾಗೆ ಉಸಿರು ಬಿಗಿಹಿಡಿದು ಬೇರೆಯದನ್ನು ಬೆಸುಗೆ ಹಾಕಿದೆ. ಅಲೆದಾಡಿ ಅಲೆದಾಡಿ ನಮ್ಮ ಕತ್ತಿಯವನಿಗೆ ಎಷ್ಟು ಬಲ ಬಂದಿತ್ತೆಂದರೆ ರಾಕ್ಷಸರು ಅವನನ್ನು ಕಂಡ ಕೂಡಲೇ ಓಡಿಹೋಗುತ್ತಿದ್ದರು. ಆದರೂ ಹೊಳೆಯ ಈಚೆ ದಂಡೆಯಲ್ಲೇ ಇದ್ದೆವು.

ನಮ್ಮ ಬೀದಿಯಲ್ಲಿ ಆರು ಮನೆಗೆ ಹಳೆಯ ಬಾಗಿಲುಗಳಿದ್ದವು. ಆ ಆರು ಮನೆಯವರನ್ನು ಕಂಡರೆ ನನಗಾಗುತ್ತಿರಲಿಲ್ಲ. ಬಾಗಿಲು ಬಂದಿದೆ ಎಂದರೆ ಏನರ್ಥ? ಅಜ್ಜಿಯನ್ನು ಬಿಟ್ಟು ಹೋದರು ಎಂದೇ ಅರ್ಥ. ಅವರ ಮನೆಯ ಅರಿಸಿನ ಕುಂಕುಮಕ್ಕೆ ನಾನು ಹೋಗಲಿಲ್ಲ. ಅವರ ಮಿಕ್ಸಿ ರಿಪೇರಿಗೆ ಬಂದರೆ ಮಾಡಿಕೊಟ್ಟೆ, ನೀರು ಬೇಕಾ ಎಂದು ಕೇಳಲಿಲ್ಲ. ಎದುರು ಮನೆಯ ತುಂಗಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದು ರಿಟೈರ್ ಆದವರು, ಒಂದು ಸಲ ನಮ್ಮ ಹಿತ್ತಿಲಿಗೆ ಬಂದು, "ಸಾಕಮ್ಮಾ, ನಿಮ್ಮವ್ವನ್ನ ಒಂದು ಮಾತು ಕೇಳಿ ನೋಡಿದ್ಯಾ?" ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಅಜ್ಜೀನ ಬಿಟ್ಟು ಬಂದೋರಿಂದ ನಾನು ಬುದ್ಧಿ ಕಲೀಬೇಕಿಲ್ಲ ಎಂದುಬಿಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು, ಹೊರಟುಹೋದರು. ಅದಾಗಿ ಹದಿನಾರು ವರ್ಷ ನಾವು ಮಾತಾಡಿರಲಿಲ್ಲ.

ಅಷ್ಟರಲ್ಲಿ ಬಂತು ನೋಡಿ ರೀಮೇಕು. ಅದೇ ಆಟವನ್ನು ಹೊಸದಾಗಿ ಮಾಡಿದ್ದಾರೆ. ಮರದಲ್ಲಿ ಎಲೆ ಅಲ್ಲಾಡುತ್ತದೆ, ಎಲ್ಲರಿಗೂ ಸಿನಿಮಾದವರ ಹಾಗೆ ಮುಖ, ಜೇನಿನಂಥ ದನಿ. ದಾರಿ ತಪ್ಪದಂತೆ ನೆಲದ ಮೇಲೆ ಹಳದಿ ಬಾಣ. ಸೋತರೆ ಪರವಾಗಿಲ್ಲ, ಅಲ್ಲಿಂದಲೇ ಎಬ್ಬಿಸಿ ನಿಲ್ಲಿಸುತ್ತದೆ. ಊರಿನ ಬಾಗಿಲುಗಳ ಲೆಕ್ಕ ಇಡುವ ಆಟದ ಕಚೇರಿಯಿಂದ ಸುತ್ತೋಲೆಯೂ ಬಂತು. ಒಂದು ಮನೆಗೆ ಒಂದೇ ಆಟ, ಎರಡನ್ನೂ ಇಟ್ಟುಕೊಂಡರೆ ಬಾಗಿಲಿಗೆ ಗೊಂದಲವಾಗುತ್ತದೆ, ಆದ್ದರಿಂದ ತಿಂಗಳ ಕೊನೆಯೊಳಗೆ ಹಳೆಯದೋ ಹೊಸದೋ ಎಂದು ಆಯ್ಕೆ ಬರೆಸತಕ್ಕದ್ದು, ಹೊಸದು ಬೇಕೆಂದವರು ಹಳೆಯ ಕ್ಯಾಸೆಟ್ಟನ್ನು ಕಚೇರಿಗೆ ಒಪ್ಪಿಸತಕ್ಕದ್ದು. ಒಪ್ಪಿಸಿದ್ದನ್ನು ಗೋಣಿಚೀಲಕ್ಕೆ ತುಂಬಿ ಪುಡಿ ಮಾಡಲು ಕಳಿಸುತ್ತಿದ್ದರು. ಎಂಥ ಮಾತು ನೋಡಿ. ಬಾಗಿಲಿಗೆ ಗೊಂದಲವಂತೆ.

ಜಯಶೀಲ ಮೊದಲ ದಿನವೇ ಹೋಗಿ ಹೊಸದು ತಂದಳು. ಒಂಬತ್ತೇ ದಿನದಲ್ಲಿ ಮುಗಿಸಿದಳು. ಬಾಗಿಲು ಬಂತು, ಎರಡು ಕದದ್ದು, ಹಿತ್ತಾಳೆಯ ಬಳೆ ಬೇರೆ. ಬೀದಿಯಲ್ಲಿ ವಾರಕ್ಕೆ ನಾಲ್ಕು ಬಾಗಿಲು ಹಾಗೆಯೇ ಬಂದವು, ಎಲ್ಲವೂ ಒಂದೇ ಅಚ್ಚಿನವು. ಜಯಶೀಲ ಒಳ್ಳೆಯವಳೇ, ಅವಳ ಮೇಲೆ ನನಗೇನಿಲ್ಲ. ಬಾ ಸಾಕಕ್ಕ, ನೀನು ನೋಡಲೇಬೇಕು ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ದೋಣಿಯ ಭಾಗ ಹಾಕಿ ತೋರಿಸಿದಳು. ಅವಳು ಮುಗಿಸಿದ್ದು ಹೊಸದನ್ನು, ಅದನ್ನು ಬೇರೆಯವರಿಗೆ ತೋರಿಸಿದರೆ ತಪ್ಪಿಲ್ಲ ಎಂದು ಕಚೇರಿಯವರೇ ಸಡಿಲ ಬಿಟ್ಟಿದ್ದರು, ಎಲ್ಲರೂ ಹೇಗೂ ಬಾಣ ಹಿಡಿದೇ ಹೋಗುವವರಲ್ಲವೇ. ದೋಣಿಯವನು ನಗುತ್ತಾ, ಎಲ್ಲರಿಗೂ ಜಾಗವಿದೆ ಬನ್ನಿ ಎಂದ. ಅಜ್ಜಿಯ ಕೈಯಲ್ಲಿ ಕೆಂಡದ ಮಡಕೆಯಿಲ್ಲ, ಬಣ್ಣದ ಗಾಜಿನ ಲಾಟೀನು. ಅವಳನ್ನು ಕತ್ತಿಯವನು ಕೈ ಹಿಡಿದು ದಿಂಬಿನ ಮೇಲೆ ಕೂರಿಸಿದ. ದೋಣಿ ಹೊರಟಿತು. ಅಜ್ಜಿ ದಾರಿಯುದ್ದಕ್ಕೂ ಕತ್ತು ತಿರುಗಿಸಿ ಬಿಟ್ಟುಬಂದ ದಂಡೆಯನ್ನೇ ನೋಡುತ್ತಿದ್ದಳು. ನೋಡು ಎಷ್ಟು ಮುದ್ದಾಗಿ ತಿರುಗಿ ತಿರುಗಿ ನೋಡ್ತಾಳೆ ಎಂದಳು ಜಯಶೀಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಟದಲ್ಲಿ ನಾನು ಕೇಳಿದ್ದೂ ಅದನ್ನೇ ಅಲ್ಲವೇ? ಅಜ್ಜಿಗೊಂದು ಜಾಗ ಕೊಡಿ ಎಂದು ಇಪ್ಪತ್ತೊಂಬತ್ತು ವರ್ಷ ಗುಂಡಿ ಒತ್ತಿದೆ. ಈಗ ಯಾರೋ ಕೂತಲ್ಲೇ ಕೂತು ಹಲಗೆ ಎರಡು ಅಡಿ ಉದ್ದ ಮಾಡಿ, ತಗೋ ಎಂದು ಎಸೆದರೆ ಖುಷಿಪಡಬೇಕೇ? ಖುಷಿಪಡಬೇಕು ಎಂದು ಬುದ್ಧಿ ಹೇಳಿತು. ಹೊಟ್ಟೆ ಒಪ್ಪಲಿಲ್ಲ. ಹೊಸದನ್ನು ಮಾಡಿದವರಿಗೆ ಒಂದು ಕಾಗದ ಬರೆಯಲು ಕೂತೆ, ಬೈಗುಳ ಬಿಟ್ಟು ಬೇರೇನೂ ಬರಲಿಲ್ಲ, ಹರಿದು ಹಾಕಿದೆ.

ಇತ್ತ ಅವ್ವನ ಕಣ್ಣು. ಎಡಗಣ್ಣು ಹೋಗಿ ಎರಡು ವರ್ಷವಾಗಿತ್ತು. ಬಲಗಣ್ಣಿನಲ್ಲಿ ಇನ್ನೊಂದಾರು ತಿಂಗಳು ಕಾಣಿಸಬಹುದು, ಆಮೇಲೆ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದ್ದರು. ಅವ್ವನಿಗೆ ಅದು ಒಳಗೇ ಕೇಳಿಸಿತ್ತು, ಗೋಡೆಗೆ ಕಿವಿ ಕೊಟ್ಟು ಅಭ್ಯಾಸವಾದವಳಲ್ಲವೇ. ಹೊಸದು ತಂದರೆ ಹತ್ತು ದಿನದಲ್ಲಿ ಅವಳನ್ನು ಜಗಲಿಯ ಮೇಲೆ ಕೂರಿಸಬಹುದು. ಹಳೆಯದನ್ನೇ ಹಿಡಿದು ಕೂತರೆ ಕಣ್ಣು ಕಾಯುವುದಿಲ್ಲ. ಇಷ್ಟು ಗೊತ್ತಿದ್ದೂ ನಾನು ತಿಂಗಳಿಡೀ ಒದ್ದಾಡಿದೆ. ನನ್ನ ಹಟ ಹೆಚ್ಚೋ ಅವ್ವನ ಕಣ್ಣು ಹೆಚ್ಚೋ ಎಂದು ನನಗೆ ನಾನೇ ಉಗಿದುಕೊಂಡೆ. ತಿಂಗಳು ಮುಗಿಯಲು ಐದು ದಿನವಿದ್ದಾಗ, ಸೋತೆ, ಹೊಸದೇ ತರುತ್ತೇನೆ ಎಂದು ತೀರ್ಮಾನ ಮಾಡಿದೆ.

ಅದೇ ದಿನ ಮಧ್ಯಾಹ್ನ ಕಚೇರಿಯ ಗುಮಾಸ್ತ ಶಿವಲಿಂಗು, ಇನ್ನೂ ಆಯ್ಕೆ ಬರೆಸದವರ ಪಟ್ಟಿ ಹಿಡಿದು ಅಡುಗೆಮನೆಗೆ ಬಂದ. ಒಗ್ಗರಣೆಯ ಹೊಗೆಗೆ ಕೆಮ್ಮುತ್ತಾ ರಿಜಿಸ್ಟರು ಬಿಚ್ಚಿದ. ನಾನು ಹೊಸದು ಎಂದು ಬರೆಸುವ ಮೊದಲು ನಾಲ್ಕು ಮಾತು ಕೇಳಿಸಿಕೋ ಎಂದು ದೋಣಿ, ದಿಂಬು, ಬಾಣ, ಗೊಂದಲ ಎಲ್ಲವನ್ನೂ ಅವನ ಮೇಲೆ ಸುರಿದೆ. ಅವನು ಪಾಪ, ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, ಅಮ್ಮಾ, ಮನೆ ಯಾರ ಹೆಸರಿನಲ್ಲಿದೆಯೋ ಅವರ ಬಾಯಿಂದಲೇ ಬರಬೇಕು ಎಂದು ಮೂಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವ್ವನ ಕಡೆ ತಿರುಗಿ, ಹಳೆಯದೋ ಹೊಸದೋ ಎಂದು ಕೇಳಿದ.

ನಮ್ಮ ಮನೆಯಲ್ಲಿ ಆಟದ ವಿಷಯವಾಗಿ ಅವ್ವನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಅವ್ವ ಕೈಗೆ ಅಂಟಿದ ಸಿಪ್ಪೆ ಒರೆಸಿಕೊಂಡು, "ಹಳೇದು. ಆಡೋರು ಅನ್ನೋ ಕಡೆ ನನ್ನ ಹೆಸರು ಬರ್ಕೋ" ಎಂದಳು.

ನಾನೂ ಶಿವಲಿಂಗುವೂ ಮುಖ ಮುಖ ನೋಡಿಕೊಂಡೆವು. ಅವ್ವ, ಹಳೆಯದರಲ್ಲಿ ಅಜ್ಜಿಯನ್ನು ಬಿಟ್ಟು ಹೋಗಬೇಕಾಗುತ್ತದೆ ಎಂದು ತಿಳಿಸಿ ಹೇಳಿದೆ. ಅವಳು ಎದ್ದು ಮಂಡಿ ಹಿಡಿದುಕೊಂಡು ಟಿವಿಯ ಮುಂದೆ ಬಂದಳು. "ನಾನೂ ಮುದುಕೀನೇ ಕಣೇ. ಮುದುಕೀರ ವಿಷಯ ಮುದುಕೀಗೆ ಬಿಡು. ನಿಮ್ಮಪ್ಪನೂ ನೀನೂ ಸೇರಿ ಎಲ್ಲಾ ಮಾಡಿಟ್ಟಿದೀರ. ಒಂದು ಗುಂಡಿ ಬಾಕಿ" ಎಂದಳು. ಶಿವಲಿಂಗು ಬರೆದುಕೊಂಡು ಹೊರಟ. ಇಲ್ಲಿಂದ ಮುಂದೆ ನೋಡುವುದು ತನಗೆ ಸಲ್ಲದು ಎಂದು ಹಿತ್ತಿಲ ಬಾಗಿಲನ್ನೂ ಎಳೆದುಕೊಂಡು ಹೋದ.

ಡಬ್ಬಿ ಹಾಕಿಕೊಟ್ಟೆ. ಅವ್ವ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಮಣೆ ಹಾಕಿಕೊಂಡು ಕೂತಳು. ಅವಳಿಗೆ ಬಣ್ಣ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಓದುವುದು ನನ್ನ ಪಾಲಿಗೆ. ದೋಣಿಯವನು ಬಂದ. ಮೂರೇ ಜನ, ಅಜ್ಜಿಯನ್ನು ಬಿಡುತ್ತೀರಾ ಎಂದು ಓದಿದೆ. ಹೌದು ಯಾವ ಗುಂಡಿ ಎಂದು ಕೇಳಿದಳು. ಎಡಗಡೆಯದು ಎಂದೆ, ಎಂದವಳೇ ತಡಿ ಅವ್ವ ಎಂದು ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಒತ್ತಿಯಾಗಿತ್ತು.

ನಾಲ್ವರ ಸಾಲಿನಿಂದ ಅಜ್ಜಿಯ ಗೊಂಬೆ ಆಚೆ ಬಂತು. ದಂಡೆಯ ಮೇಲೆ ನಿಂತಿತು. ಇಷ್ಟು ವರ್ಷ ಅವಳು ನಮ್ಮ ಬೆನ್ನ ಹಿಂದೆ ನಡೆಯುತ್ತಿದ್ದುದರಿಂದ ಅವಳ ಮುಖಕ್ಕೆ ಎದುರಾಗಿ ನಿಂತು ಮಾತಾಡಿಸುವುದು ಆಗುತ್ತಲೇ ಇರಲಿಲ್ಲ. ನಾವು ತಿರುಗಿದರೆ ಸಾಲೂ ತಿರುಗುತ್ತಿತ್ತು. ಈಗ ಎದುರಿಗೆ ನಿಂತಿದ್ದಾಳೆ. ದೋಣಿಗೆ ಹೋಗೋಣವೇ ಎಂದೆ, ನನಗೆ ಅವಳನ್ನು ನೋಡಲಾಗುತ್ತಿರಲಿಲ್ಲ. "ಹೇಳದೆ ಹೋಗ್ತಾರೇನೇ? ಮಾತಾಡಿಸ್ತೀನಿ ತಾಳು" ಎಂದು ಅವ್ವ ಗುಂಡಿ ಒತ್ತಿದಳು. ಕೆಳಗೆ ಒಂದೊಂದಾಗಿ ಅಕ್ಷರ ಬಂತು.

"ಏನಂತಾಳೆ ಓದು."

ಅವ್ವ ಎರಡು ಸಲ ಕೇಳಿದ ಮೇಲೆ ಓದಿದೆ. ಸದ್ಯ, ಊರು ಸೇರಿದೆ. ಇಲ್ಲಿಯವರೆಗೆ ಬರಬೇಕೆಂದೇ ನಿಮ್ಮ ಜೊತೆ ಹೊರಟಿದ್ದು. ಆ ಮರದ ಹಿಂದೆ ನನ್ನ ಮನೆ. ಹೋಗಿ ಬನ್ನಿ ಮಕ್ಕಳೇ. ಇಷ್ಟೇ ಇತ್ತು. ಅಜ್ಜಿಯ ಗೊಂಬೆ ನಿಧಾನಕ್ಕೆ ನಡೆದು ದಂಡೆಯ ಮೂರನೆಯ ಮರದ ಹತ್ತಿರ ಹೋಯಿತು. ನಾನು ಸಾವಿರ ಸಲ ಡಿಕ್ಕಿ ಹೊಡೆದ ಮರ. ಅವಳು ಹೋದ ಕೂಡಲೇ ಆ ಹಸಿರು ಚೌಕದ ಪಕ್ಕದಲ್ಲಿ ಕಪ್ಪನೆಯ ಬಾಗಿಲೊಂದು ತೆರೆಯಿತು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮರದ ಮೇಲೆ ಬಿಳಿಯ ಚುಕ್ಕಿಗಳು ಎದ್ದವು, ಹೊಗೆ.

"ಒಲೆ ಹಚ್ಚಿದ್ಲು ನೋಡು" ಎಂದಳು ಅವ್ವ. "ಕೆಂಡ ಅದಕ್ಕೇ ಇಟ್ಕೊಂಡಿದ್ದು."

ಇಪ್ಪತ್ತೊಂಬತ್ತು ವರ್ಷ. ಅಪ್ಪನದೂ ಸೇರಿದರೆ ಇನ್ನೂ ಹೆಚ್ಚು. ಅಷ್ಟು ವರ್ಷ ಆ ಮುದುಕಿಯನ್ನು ಅವಳದೇ ಮನೆಯ ಬಾಗಿಲಿನಲ್ಲಿ ನಿಲ್ಲಿಸಿಕೊಂಡು, ಕೆಂಡ ಆರಿಹೋಗುತ್ತದೆಂದು ಅವಳು ಒಳಗೊಳಗೇ ಚಡಪಡಿಸುತ್ತಿದ್ದರೆ, ನಾನು ಅವಳ ಮೇಲೆ ಕರುಣೆ ತೋರಿಸುತ್ತಿದ್ದೆ. ನನ್ನ ಕರುಣೆಗೆ ಬೆಂಕಿ ಹಾಕ. ನನ್ನ ಕೈಗೆ ನಾನೇ ಸಿಕ್ಕಿದ್ದರೆ ಕೆನ್ನೆಗೆ ಎರಡು ಬಾರಿಸುತ್ತಿದ್ದೆ. ಅವ್ವ ಮಾತ್ರ ಮೊಣಕೈಯಿಂದ ತಿವಿದು, ಸಾಕು ನಡಿ, ದೋಣಿ ಕಾಯ್ತಿದೆ ಎಂದಳು.

ಹೊಳೆಯಾಚೆ ಉಳಿದದ್ದು ಹೆಚ್ಚೇನಿರಲಿಲ್ಲ. ಒಂದು ಬಯಲು, ಒಂದು ಕೋಟೆ. ಊರಿಗೆ ಊರೇ ಹೆದರುವ ಆ ದೊರೆ ಸಿಂಹಾಸನದಿಂದೆದ್ದು ಅರ್ಧ ಪುಟದಷ್ಟು ಗರ್ಜಿಸಿದ. ನಮ್ಮ ಕತ್ತಿಯವನು ಒಂದೇ ಏಟು ಹಾಕಿದ. ದೊರೆ ಮಾಯ. ಇಷ್ಟೇನಾ ಎಂದು ಅವ್ವ ರಿಮೋಟು ಕೆಳಗಿಟ್ಟು ಸಂಜೆಯ ಕಾಫಿಗೆ ಹಾಲು ಇಡಲು ಎದ್ದಳು.

ಬೆಳಿಗ್ಗೆ ಬಾಗಿಲು ಬಂದಿತ್ತು. ಜಯಶೀಲಳದರಂತೆ ಎರಡು ಕದದ್ದಲ್ಲ, ಒಂಟಿ ಕದ, ಗಿಡ್ಡ, ತಲೆ ಬಗ್ಗಿಸಿಯೇ ದಾಟಬೇಕು. ತೆರೆದರೆ ಕಿರ್ರೆನ್ನುತ್ತಿತ್ತು. ಅವ್ವ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬಲಗಾಲು ಆಚೆ ಇಟ್ಟು, ಜಗಲಿಯ ಮೇಲೆ ಕೂತಳು. ಹೂವಿನವಳನ್ನು ಮೊದಲ ಸಲ ಕಣ್ಣಾರೆ ಕಂಡು, ದನಿ ಕೇಳಿ ದಪ್ಪಗಿರ್ತೀಯ ಅಂದ್ಕೊಂಡಿದ್ದೆ ಎಂದಳು. ಮಧ್ಯಾಹ್ನದ ಊಟಕ್ಕೂ ಒಳಗೆ ಬರಲಿಲ್ಲ, ತಟ್ಟೆಯನ್ನು ಅಲ್ಲಿಗೇ ತರಿಸಿಕೊಂಡಳು.

ಎದುರು ಮನೆಯಿಂದ ತುಂಗಮ್ಮ ಬಂದರು. ಹದಿನಾರು ವರ್ಷದ ಮೇಲೆ, ಮುಂದಿನ ಬಾಗಿಲಿನಿಂದ. ನಾನು ತಲೆ ಎತ್ತಲಿಲ್ಲ. ಹಳೆಯ ಆಟ ಮುಗಿಸಿದವರು ಮುಗಿಸಿದವರ ಜೊತೆ ಮಾತಾಡಿದರೆ ಬಾಗಿಲಿಗೆ ಭಯವಿಲ್ಲ, ಆದ್ದರಿಂದ ಅವರೇ ಮೆಲ್ಲಗೆ ಹೇಳಿದರು. ಅವರ ಆಟದ ಅಜ್ಜಿಯೂ ಆ ಮರದ ಹಿಂದಕ್ಕೇ ಹೋದಳಂತೆ. ಆರು ಮನೆಯ ಅಜ್ಜಿಯರೂ ಅಲ್ಲಿಗೇ ಹೋದದ್ದಂತೆ. ಅವರೂ ಅಳುತ್ತಲೇ ಹೌದು ಒತ್ತಿದ್ದರಂತೆ. ಅವತ್ತು ಹಿತ್ತಿಲಿಗೆ ಬಂದು, ನಿಮ್ಮವ್ವನನ್ನು ಕೇಳು ಎಂದದ್ದು ಬಾಗಿಲು ಉಳಿಸಿಕೊಂಡು ಹೇಳಬಹುದಾಗಿದ್ದ ಕಟ್ಟಕಡೆಯ ಮಾತಂತೆ. ನಾನು ತಪ್ಪಾಯಿತು ಎಂದೆ. ತುಂಗಮ್ಮ, ಹೋಗ್ಲಿ ಬಿಡು, ನೀರು ಕೊಡು ಎಂದರು. ಕೊಟ್ಟೆ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನಗೆ ನಿದ್ದೆಯಿಲ್ಲ, ಊಟ ರುಚಿಸದು. ಕಣ್ಣು ಮುಚ್ಚಿದರೆ ಜಯಶೀಲಳ ಮನೆಯ ಟಿವಿಯಲ್ಲಿ ಆ ಅಜ್ಜಿ ಕತ್ತು ತಿರುಗಿಸಿ ತಿರುಗಿಸಿ ದಂಡೆ ನೋಡುತ್ತಿದ್ದಳು. ಮುದ್ದಾಗಿ ನೋಡುತ್ತಾಳಂತೆ! ಅಯ್ಯೋ ಮಾರಾಯರೇ, ಅವಳು ತನ್ನ ಮನೆ ನೋಡುತ್ತಿದ್ದಾಳೆ. ಮನೆಯ ಮುಂದಿನಿಂದಲೇ ಎತ್ತಿಕೊಂಡು ಹೋಗುತ್ತಿದ್ದಾರೆ, ದಿಂಬಿನ ಮೇಲೆ ಕೂರಿಸಿ, ಕೆಂಡ ಕಿತ್ತುಕೊಂಡು ಕೈಗೆ ಲಾಟೀನು ಕೊಟ್ಟು. ಮುಖಕ್ಕೆ ಚೆಂದದ ಬಣ್ಣ ಬಳಿದರು, ಜೇನಿನಂಥ ದನಿ ಕೊಟ್ಟರು, ಅವಳು ಆಡಬೇಕಿದ್ದ ಒಂದೇ ಒಂದು ಮಾತನ್ನು ತೆಗೆದುಹಾಕಿದರು. ದೋಣಿ ಚಿಕ್ಕದಾಯಿತು ಎಂದು ನನ್ನಂಥವರು ಗೋಳಾಡಿದ್ದಕ್ಕೇ ತಾನೇ ಅವರು ದೊಡ್ಡದು ಮಾಡಿದ್ದು? ಅಜ್ಜಿಯನ್ನು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಇನ್ನು ಮೂರು ದಿನದಲ್ಲಿ ಊರಿನ ಹಳೆಯ ಕ್ಯಾಸೆಟ್ಟುಗಳೆಲ್ಲ ಪುಡಿಯಾದರೆ ಅವಳಿಗೊಂದು ಮನೆಯಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ. ನನಗೆ ಗೊತ್ತು, ನಾನು ಹೇಳುವಂತಿಲ್ಲ. ಹೇಳಿದರೆ ಬಾಗಿಲು ಹೋಗುತ್ತದೆ. ಅವ್ವ ಜಗಲಿಯ ಮೇಲೆ ಕೂತು ಆಗಿನ್ನೂ ಎರಡು ದಿನ.

ಕೊನೆಗೆ, ನಾನು ಎಂದೋ ಮಾಡಬೇಕಿದ್ದ ಕೆಲಸ ಮಾಡಿದೆ. ಅವ್ವನ ಪಕ್ಕ ಹೋಗಿ ಕೂತು ಅವಳನ್ನೇ ಕೇಳಿದೆ. ಹೀಗಿದೆ, ಹೇಳಲೋ ಬೇಡವೋ, ಬಾಗಿಲು ನಿನ್ನದು ಎಂದೆ. ಅವಳು ಬೀದಿಯಿಂದ ಕಣ್ಣು ತೆಗೆಯಲಿಲ್ಲ.

"ನಂಗೆ ಬೇಕಾಗಿದ್ದು ಬೀದಿ ಕಣೇ, ಬಾಗಿಲಲ್ಲ. ಹೋಗಿ ಹೇಳ್ಬಾ."

ಕೊನೆಯ ದಿನ ಕಚೇರಿಯ ಮುಂದೆ ಐವತ್ತು ಅರವತ್ತು ಜನರ ಸಾಲಿತ್ತು. ಎಲ್ಲರ ಕೈಚೀಲದಲ್ಲೂ ಹಳೆಯ ಕ್ಯಾಸೆಟ್ಟು. ನಾನು ಮೆಟ್ಟಿಲ ಮೇಲೆ ನಿಂತು ಶುರುಮಾಡಿದೆ. ಶಿವಲಿಂಗು ಓಡಿ ಬಂದು, ಬಾಯಿ ಮುಚ್ಚಿ ಸಾಕಮ್ಮನೋರೇ, ಬಾಗಿಲು ಹೋಗತ್ತೆ ಎಂದು ಕೈ ಮುಗಿದ. ಹೋಗಲಿ ಎಂದೆ. ಹೌದು ಒತ್ತಿ, ಆಮೇಲೆ ಅವಳನ್ನು ಮಾತಾಡಿಸಿ, ಮಾತಾಡಿಸದೆ ಹೋಗಬೇಡಿ ಎಂದೆ. ಮೂರನೆಯ ಮರ, ಬಾಗಿಲು, ಕೆಂಡ, ಹೊಗೆ, ಒಂದನ್ನೂ ಬಿಡದೆ ಹೇಳಿದೆ. ಕೆಲವರು ಕಿವಿ ಮುಚ್ಚಿಕೊಂಡರು. ಒಬ್ಬ, ಆಟ ತಾನೇ, ಅದಕ್ಕೆ ಇಷ್ಟು ಕೂಗಾಡ್ಬೇಕಾ ಎಂದ. ಅವನಿಗೆ ಸರಿಯಾಗಿ ಹೇಳಿಕೊಟ್ಟೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಸಾಲಿನಿಂದ ನಾಲ್ಕು ಜನ ಕ್ಯಾಸೆಟ್ಟನ್ನು ಎದೆಗವಚಿಕೊಂಡು ಮನೆಗೆ ವಾಪಸ್ಸು ಹೋದರು. ಉಳಿದವರು ಒಬ್ಬೊಬ್ಬರಾಗಿ ಗೋಣಿಚೀಲಕ್ಕೆ ಹಾಕಿ ಹೊಸದನ್ನು ತೆಗೆದುಕೊಂಡು ಹೋದರು. ನಾಲ್ಕೇ ಜನ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾರನೆಯ ಬೆಳಿಗ್ಗೆ ಎದ್ದಾಗ ಬಾಗಿಲಿದ್ದ ಕಡೆ ಗೋಡೆಯಿತ್ತು. ಗೊತ್ತಿದ್ದದ್ದೇ. ಆದರೂ ಕೈಯಿಂದ ತಡವಿ ನೋಡಿದೆ, ಎಲ್ಲೂ ಒಂದು ಬಿರುಕಿಲ್ಲ. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಜಯಶೀಲ ಬಂದಳು. ಎರಡು ಕದದ ಬಾಗಿಲಿರುವವಳು ಯಾಕೆ ತನ್ನ ಮನೆಯ ಹಿತ್ತಿಲಿಂದಲೇ ಹೊರಟು ಬಂದಳೋ. ಕಣ್ಣು ಕೆಂಪಾಗಿತ್ತು. ಕಚೇರಿಯ ಮುಂದೆ ನಾನು ಹೇಳಿದ್ದು ಕಿವಿಗೆ ಬಿದ್ದ ಮೇಲೆ ದೋಣಿಯ ಭಾಗವನ್ನು ಮತ್ತೆ ಹಾಕಿ ನೋಡಿದಳಂತೆ. ಸಾಕಕ್ಕ, ನಿನ್ನ ಹಳೇದನ್ನ ಒಂದು ಸಲ ಆಡ್ಲಾ ಎಂದು ಕೇಳಿದಳು. ಒಂದು ಮನೆಗೆ ಒಂದೇ ಆಟ ನಿಜ, ಆದರೆ ಪಕ್ಕದ ಮನೆಗೆ ಬಂದು ಆಡಬಾರದು ಎಂದು ಸುತ್ತೋಲೆಯಲ್ಲಿ ಎಲ್ಲೂ ಇರಲಿಲ್ಲ. ಮೊದಲಿಂದ ಶುರುಮಾಡು, ನಾನೇನೂ ಹೇಳಿಕೊಡೋದಿಲ್ಲ ಎಂದು ಡಬ್ಬಿ ಹಾಕಿಕೊಟ್ಟು, ಅವ್ವನನ್ನು ಹುಡುಕಿದೆ. ಮನೆಯಲ್ಲೆಲ್ಲೂ ಇರಲಿಲ್ಲ.

ಹಿತ್ತಿಲಿನಿಂದ ಸುತ್ತಿಕೊಂಡು ಬೀದಿಗೆ ಬಂದರೆ ಅವ್ವ ಜಗಲಿಯ ಮೇಲೆ ಕೂತಿದ್ದಳು. ಬಾಗಿಲಿಲ್ಲದ ಜಗಲಿಯ ಮೇಲೆ, ಬೀದಿಗೆ ಬೀದಿಯೇ ನೋಡುವ ಹಾಗೆ, ಕಾಲು ಚಾಚಿಕೊಂಡು. ಹೋಗುವವರು ಬರುವವರು ನಿಂತು ನಿಂತು ದಿಟ್ಟಿಸುತ್ತಿದ್ದರು, ಎದುರು ಮನೆಯ ತುಂಗಮ್ಮ ಕೈಗೆ ಕಾಫಿ ಲೋಟ ಕೊಟ್ಟು ಪಕ್ಕದಲ್ಲಿ ನಿಂತಿದ್ದರು. ಅವ್ವ, ಬಾಗಿಲು ಹೋಯಿತು ಎಂದೆ. ಅವಳು ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ಕೂತಳು.

"ಬಾಗಿಲಿದ್ದಾಗ ಬೆನ್ನಿಗೇನೂ ಸಿಗ್ತಿರ್ಲಿಲ್ಲ. ಒರಗೋಕೆ ಇದೇ ಚೆನ್ನಾಗಿದೆ."